ನಾಲ್ಕು ತಾಸಿನ ಪೋಸ್ಟ್ ಮಾಸ್ತರ

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಾನ್ವಿ ದಾಟಿದ ಮೇಲೆ ಪೋತ್ನಾಳದಲ್ಲಿ ನಿಲ್ಲುತ್ತದೆ. ರಸ್ತೆಯ ಎರಡೂ ಬದಿಗೆ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ರಿಪೇರಿ, ಮಿರ್ಚಿ ಮಂಡಾಳಿನ ಬಂಡಿ. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ನೆಲ್ಲಿನ ಗದ್ದೆ, ತೆಲುಗು ಮಾತಾಡುವ ವಲಸಿಗರ ಕ್ಯಾಂಪುಗಳು. ಕಾಲುವೆ ಮುಟ್ಟದ ಕಡೆ ಎರೆಹೊಲ, ಹತ್ತಿ, ಗುಳೆ ಹೋದವರ ಬೀಗ ಹಾಕಿದ ಮನೆಗಳು. ಈ ಸೀಮೆಯ ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ಕೇಳಿಬರುವ ಒಂದು ಮಾತುಂಟು: ‘ಯವ್ವಾ, ನನ ಪಗಾರ ಬಂತೇನು?’

ಕೇಳುವವಳು ವೃದ್ಧಾಪ್ಯ ವೇತನದ ಮುದುಕಿ. ನಮ್ಮ ಕಡೆ ಮಾಸಾಶನಕ್ಕೆ ಪಗಾರ ಎಂದೇ ಹೆಸರು. ಅವಳು ಕೇಳುವುದು ಶಾಖಾ ಅಂಚೆ ಕಚೇರಿಯ ಹುಡುಗಿಯನ್ನು. ತಮಾಷೆ ಇರುವುದು ಇಲ್ಲೇ. ಸರ್ಕಾರ ಮುದುಕಿಗೆ ಕೊಡುವ ಹಣದ ಹೆಸರಿನಲ್ಲಿ ‘ವೇತನ’ ಇದೆ. ಅದನ್ನು ಎಣಿಸಿ ಕೊಡುವ ಹುಡುಗಿಯ ಚೀಟಿಯಲ್ಲಿ ಆ ಪದವೇ ಇಲ್ಲ. ಅಲ್ಲಿರುವುದು ‘ಟಿಆರ್‌ಸಿಎ’. ಬಿಡಿಸಿ ಹೇಳಿದರೆ, ಸಮಯಕ್ಕೆ ಸಂಬಂಧಿಸಿದ ನಿರಂತರತೆಯ ಭತ್ಯೆ. ಇದನ್ನು ಕನ್ನಡದಲ್ಲಿ ಹೇಳಿದರೂ ಅರ್ಥವಾಗುವುದಿಲ್ಲ ಎಂಬುದು ನನ್ನ ತಪ್ಪಲ್ಲ. ಸಂಬಳ ಎನ್ನದೆ ಸಂಬಳ ಕೊಡುವುದಕ್ಕೆ ಕಟ್ಟಿದ ಹೆಸರು ಹೀಗಲ್ಲದೆ ಇನ್ನು ಹೇಗಿರಲು ಸಾಧ್ಯ?

ಇವರು ಗ್ರಾಮೀಣ ಡಾಕ್ ಸೇವಕರು. ಊರಿನವರಿಗೆ ಪೋಸ್ಟ್ ಮಾಸ್ತರ, ಪೋಸ್ಟಿನ ಅಕ್ಕ. ಇಲಾಖೆಯ ಕಾಗದದಲ್ಲಿ ಬಿಪಿಎಂ (ಶಾಖಾ ಪೋಸ್ಟ್ ಮಾಸ್ತರ), ಅವರ ಕೈಕೆಳಗೆ ಎಬಿಪಿಎಂ (ಸಹಾಯಕ ಶಾಖಾ ಪೋಸ್ಟ್ ಮಾಸ್ತರ). ದೇಶದಲ್ಲಿ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಹತ್ತರಲ್ಲಿ ಒಂಬತ್ತು ಹಳ್ಳಿಯವು, ಅವುಗಳಲ್ಲಿ ಬಹುಪಾಲು ನಡೆಯುವುದು ಇವರ ಕೈಯಿಂದ. 2024ರಲ್ಲಿ ಕೇಂದ್ರ ಸರ್ಕಾರವೇ ಹೇಳಿದ ಲೆಕ್ಕದಂತೆ 2.56 ಲಕ್ಷಕ್ಕೂ ಹೆಚ್ಚು ಸೇವಕರಿದ್ದಾರೆ. ಅಂಚೆ ಇಲಾಖೆಯಲ್ಲಿ ಖಾಯಂ ನೌಕರರಿಗಿಂತ ಖಾಯಂ ಅಲ್ಲದ ಇವರೇ ಜಾಸ್ತಿ. ಜಗತ್ತಿನ ಅತಿ ದೊಡ್ಡ ಅಂಚೆ ಜಾಲ ನಮ್ಮದು ಎಂದು ಹೇಳಿಕೊಳ್ಳುವಾಗ ಈ ಮಾತನ್ನೂ ಸೇರಿಸಿಕೊಳ್ಳಬೇಕು.

ರಾಯಚೂರಿಗೂ ಟಪಾಲಿಗೂ ನಂಟು ಹಳೆಯದು. ಮುಂಬಯಿಯಿಂದ ಬಂದ ರೈಲು ಮಾರ್ಗವೂ ಮದ್ರಾಸಿನಿಂದ ಬಂದ ಮಾರ್ಗವೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಆಗ ಈ ಜಿಲ್ಲೆ ನಿಜಾಮನ ಸೀಮೆ. ನಿಜಾಮನಿಗೆ ತನ್ನದೇ ಟಪಾಲು ಖಾತೆ, ತನ್ನದೇ ಅಂಚೆಚೀಟಿ. 1950ರ ಏಪ್ರಿಲ್‌ನಲ್ಲಿ ಅದು ಭಾರತದ ಅಂಚೆಯಲ್ಲಿ ಲೀನವಾಯಿತು. ಮುಂದೆ ಹಳ್ಳಿಹಳ್ಳಿಗೂ ಅಂಚೆ ಒಯ್ಯಬೇಕು ಎಂದಾಗ ಕೈಗೆ ಸಿಕ್ಕಿದ್ದು ಬ್ರಿಟಿಷರು ಬಿಟ್ಟುಹೋದ ಒಂದು ಅಗ್ಗದ ಉಪಾಯ. ಇಲಾಖೆಯ ನೌಕರನನ್ನು ಹಳ್ಳಿಗೆ ಕಳಿಸುವ ಬದಲು ಹಳ್ಳಿಯಲ್ಲೇ ಹೊಟ್ಟೆಗೆ ದಾರಿ ಇರುವ ಒಬ್ಬನನ್ನು ಹಿಡಿ: ಸಾಲಿ ಮಾಸ್ತರ, ಕಿರಾಣಿ ಅಂಗಡಿಯವ, ಹೊಲಮನೆ ಇರುವ ಗೌಡರ ಮಗ. ಅವನ ಪಡಸಾಲೆಯಲ್ಲಿ ಒಂದು ಮೇಜು, ಮೊಹರು, ತಕ್ಕಡಿ. ಬಿಡುವಿನ ಒಂದೆರಡು ತಾಸು ಕೂತರೆ ಆಯಿತು. ಇಂದಿನ ಡಾಕ್ ಸೇವಕನಿಗೆ ಆಗ ಹೆಸರು ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್’, ಇಲಾಖೆಯ ಹೊರಗಿನವ. ಕೈಗೆ ಬರುವುದು ಎಲೆ ಅಡಿಕೆಯ ಖರ್ಚು, ಊರಲ್ಲಿ ಸಿಗುವುದು ಮರ್ಯಾದೆ.

ಆ ಕಾಲಕ್ಕೆ ಆ ಲೆಕ್ಕ ಕೂಡುತ್ತಿತ್ತು. ಗೌಡರ ಮಗನಿಗೆ ಪೋಸ್ಟಿನ ದುಡ್ಡು ಬೇಕಿರಲಿಲ್ಲ, ಪೋಸ್ಟು ಬೇಕಿತ್ತು. ಊರಿಗೆ ಬರುವ ಪ್ರತಿ ಪತ್ರ, ಮುಂಬಯಿ ಪುಣೆಯ ಕಡೆಯಿಂದ ಬರುವ ಪ್ರತಿ ಮನಿಆರ್ಡರು ಅವನ ಕೈ ದಾಟಿಯೇ ಹೋಗಬೇಕು. ಯಾರ ಮಗ ಎಷ್ಟು ಕಳಿಸಿದ, ಯಾರಿಗೆ ಕೋರ್ಟಿನ ನೋಟಿಸು ಬಂತು, ಎಲ್ಲವೂ ಮೊದಲು ತಿಳಿಯುವುದು ಅವನಿಗೆ. ಕಚೇರಿ ಇರುವುದು ಮನೆಯಲ್ಲಿ ಎಂದಾಗ ಮನೆಯ ಕಟ್ಟುಪಾಡೆಲ್ಲ ಕಚೇರಿಗೂ ಬರುತ್ತವೆ. ಯಾರು ಪಡಸಾಲೆಯೊಳಗೆ ಬಂದು ಕೂಡಬೇಕು, ಯಾರು ಕಟ್ಟೆಯ ಕೆಳಗೆ ನಿಂತು ಹೆಬ್ಬೆಟ್ಟು ಒತ್ತಬೇಕು ಎನ್ನುವುದನ್ನು ಅಂಚೆ ಕೈಪಿಡಿ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅದು ಊರಿಗೆ ಗೊತ್ತಿತ್ತು. ಮಾಸಾಶನದ ಐವತ್ತು ನೂರರಲ್ಲಿ ‘ಚಾ ಪಾನಿ’ ಮುರಿದುಕೊಂಡು ಕೊಟ್ಟ ಮಾಸ್ತರರ ನೆನಪೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಎಲ್ಲರೂ ಹಾಗಿರಲಿಲ್ಲ. ಪತ್ರ ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟು, ಸತ್ತ ಸುದ್ದಿಯ ಕಾರ್ಡನ್ನು ಊಟ ಮುಗಿದ ಮೇಲೆ ಕೊಟ್ಟವರೂ ಇದ್ದರು.

ಈಗ ಆ ಮೇಜಿನ ಹಿಂದೆ ಕೂತವರು ಬೇರೆ.

ಗ್ರಾಮೀಣ ಡಾಕ್ ಸೇವಕರ ನೇಮಕಾತಿ ಆನ್‌ಲೈನಿಗೆ ಹೋದ ಮೇಲೆ ಗೌಡರ ಶಿಫಾರಸು ನಡೆಯುವುದಿಲ್ಲ. ಹತ್ತನೆಯ ತರಗತಿಯ ಅಂಕವೇ ಎಲ್ಲ. ಲಿಖಿತ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ, ಅಂಗವಿಕಲರು, ಎಲ್ಲರಿಗೂ ಮೀಸಲು ಉಂಟು. ಹದಿನೆಂಟರಿಂದ ನಲವತ್ತರವರೆಗಿನ ವಯಸ್ಸು, ಸೈಕಲ್ ಹೊಡೆಯಲು ಬರಬೇಕು, ಹತ್ತನೆಯವರೆಗೆ ಸ್ಥಳೀಯ ಭಾಷೆ ಓದಿರಬೇಕು. ಹೀಗಾಗಿ ಕೇರಿಯ ಹುಡುಗ, ಕ್ಯಾಂಪಿನ ಹುಡುಗಿ, ಕೂಲಿಕಾರರ ಮನೆಯಲ್ಲಿ ಮೊದಲು ಹತ್ತನೆಯ ತರಗತಿ ದಾಟಿದವರು ಈಗ ಸರ್ಕಾರದ ಮೊಹರು ಹಿಡಿಯುತ್ತಿದ್ದಾರೆ. ಹೆಂಗಸರಿಗೆ ಬೇರೆ ಮೀಸಲು ಇಲ್ಲ. ಆದರೆ ಹೆಂಗಸರು, ಪರಿಶಿಷ್ಟರು, ಅಂಗವಿಕಲರು, ಟ್ರಾನ್ಸ್ ಮಹಿಳೆಯರಿಗೆ ಅರ್ಜಿ ಶುಲ್ಕದ 100 ರೂಪಾಯಿ ಮಾಫಿ. ಹೆಂಗಸರ ಪಾಲಿಗೆ ಇಲಾಖೆ ಬಿಚ್ಚಿದ ಗಂಟು ಇಷ್ಟೇ ಎಂದು ನಗಬಹುದು. ಆದರೂ ಅಂಕದ ದಾರಿಯಲ್ಲಿ ಅವರು ತಾವೇ ಒಳಗೆ ಬಂದಿದ್ದಾರೆ.

ಪೋತ್ನಾಳದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ದಲಿತ ಕೂಲಿ ಹೆಂಗಸರೇ ಸೇರಿ ಕಟ್ಟಿದ ಜಾಗೃತ ಮಹಿಳಾ ಸಂಘಟನೆ ಇರುವ ಊರು ಇದು. ಅವರು ಸುಟ್ಟ ಮಣ್ಣಿನಿಂದ ಮಾಡುವ ‘ಚಿಲಿಪಿಲಿ’ ಸರ, ಓಲೆಗಳು ಬೆಂಗಳೂರಿನವರೆಗೂ ಹೋಗಿವೆ. ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಶುರುವಾದಾಗ ರಾಯಚೂರು ಅವುಗಳಲ್ಲಿ ಒಂದಾಗಿತ್ತು. ಕೂಲಿ ಕೈಗೆ ಬೇಡ, ಖಾತೆಗೆ ಬರಲಿ ಎಂದಾದ ಮೇಲೆ ಹೆಂಗಸರು ಗುಂಪಾಗಿ ಹೋಗಿ ನಿಂತದ್ದು ಬ್ಯಾಂಕಿನ ಮುಂದೆ, ಇಲ್ಲವೇ ಅಂಚೆ ಕಚೇರಿಯ ಮುಂದೆ. ಅಂಥ ಕೂಲಿ ಹೆಂಗಸರ ಮಕ್ಕಳ ತಲೆಮಾರು ಈಗ ಅದೇ ಕಚೇರಿಯ ಒಳಗೆ ಕೂತು ಹಣ ಎಣಿಸಬಹುದಾದ ಕಾಲ ಬಂದಿದೆ.

ಬಂದ ಮೇಲೆ ತಿಳಿಯುತ್ತದೆ: ಮೇಜಿನ ಹಿಂದಿನ ಮನುಷ್ಯ ಬದಲಾದರೂ ಲೆಕ್ಕ ಬದಲಾಗಿಲ್ಲ. ಅದು ಇನ್ನೂ ಗೌಡರ ಮಗನ ಲೆಕ್ಕವೇ. ಡಾಕ್ ಸೇವಕರಿಗೆ ಬೇರೆ ಆದಾಯದ ಮೂಲ ಇರಬೇಕು ಎಂಬ ನಿಯಮ ಇಂದಿಗೂ ಇದೆ. ಕಚೇರಿಗೆ ಜಾಗ ಅವರೇ ಕೊಡಬೇಕು, ಆ ಊರಲ್ಲೇ ಇರಬೇಕು. ಜಾಗ, ಕರೆಂಟು, ಮೊಬೈಲು ಎಲ್ಲಕ್ಕೂ ಸೇರಿ ತಿಂಗಳಿಗೆ ಸಿಗುವುದು 500 ರೂಪಾಯಿ, ಅದೂ ಕೋಣೆ ಇಲಾಖೆಯ ಅಳತೆಗೆ ಹೊಂದಿದರೆ. ಹೊಲ ಇದ್ದವನಿಗೆ, ಮನೆಯಲ್ಲಿ ಪಡಸಾಲೆ ಇದ್ದವನಿಗೆ ಇದು ಷರತ್ತೇ ಅಲ್ಲ. ತಗಡಿನ ಮನೆಯ ಹುಡುಗಿಗೆ? ಪರಊರಿನಿಂದ ಬಂದು ಬಾಡಿಗೆ ಕೋಣೆ ಹುಡುಕುವವಳಿಗೆ? ಕೋಣೆ ಕೇಳಲು ಹೋದರೆ ನಮ್ಮ ಊರುಗಳಲ್ಲಿ ಮೊದಲು ಕೇಳುವುದು ಬಾಡಿಗೆ ಎಷ್ಟು ಕೊಡುತ್ತೀರಿ ಅಂತಲ್ಲ. ‘ನೀವು ಯಾವ ಪೈಕಿ?’ ಅಂತ. ಮೀಸಲಾತಿಯಿಂದ ಹುದ್ದೆ ಕೊಟ್ಟ ಇಲಾಖೆ, ಆ ಪ್ರಶ್ನೆಗೆ ಉತ್ತರಿಸುವ ಕೆಲಸವನ್ನು ಹುದ್ದೆ ಪಡೆದವಳಿಗೇ ಬಿಟ್ಟಿದೆ.

ಇನ್ನು ಕೈಗೆ ಬರುವ ಹಣ. 2018ರ ಜುಲೈ 1ರಿಂದ ಜಾರಿಯಾದ ದರ ಹೀಗಿದೆ: ನಾಲ್ಕು ತಾಸಿನ ಬಿಪಿಎಂಗೆ 12,000 ರೂಪಾಯಿ, ಐದು ತಾಸಿನವರಿಗೆ 14,500; ಎಬಿಪಿಎಂ ಮತ್ತು ಡಾಕ್ ಸೇವಕರಿಗೆ 10,000 ಮತ್ತು 12,000. ಮೇಲೆ ಕೇಂದ್ರದ ತುಟ್ಟಿಭತ್ಯೆ, ವರ್ಷಕ್ಕೆ ಶೇ 3ರ ಏರಿಕೆ. ತುಟ್ಟಿಭತ್ಯೆ 2025ರ ಜುಲೈನಲ್ಲಿ ಶೇ 58 ಆಯಿತು. ಆ ಲೆಕ್ಕದಲ್ಲಿ ಹೊಸದಾಗಿ ಸೇರಿದ ನಾಲ್ಕು ತಾಸಿನ ಬಿಪಿಎಂಗೆ 18,960. ಅದೇ ಇಲಾಖೆಯ ಪಟ್ಟಣದ ಕಚೇರಿಯಲ್ಲಿ ಕಡತ ಒಯ್ಯುವ ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್) ನೌಕರನ ಮೂಲವೇತನ 18,000, ತುಟ್ಟಿಭತ್ಯೆ ಸೇರಿ 28,440. ಮನೆ ಬಾಡಿಗೆ ಭತ್ಯೆ ಬೇರೆ.

ಇಲ್ಲಿ ಇಲಾಖೆಯ ಮಾತನ್ನೂ ಕೇಳಬೇಕು. ಇವರದು ನಾಲ್ಕು ತಾಸು, ಅವರದು ಎಂಟು ತಾಸು ಎನ್ನುತ್ತದೆ ಅದು. ತಾಸಿನ ಲೆಕ್ಕ ಹಾಕಿ ನೋಡಿದರೆ ಡಾಕ್ ಸೇವಕರ ದರವೇ ಮೇಲು. ಕಾಗದದ ಮೇಲೆ ಅನ್ಯಾಯ ಇಲ್ಲ. ಮೋಸ ಇರುವುದು ದರದಲ್ಲಲ್ಲ, ಗಡಿಯಾರದಲ್ಲಿ.

ಆ ನಾಲ್ಕು ತಾಸನ್ನು ಅಳೆಯುವುದು ವಹಿವಾಟಿನಿಂದ. ಎಷ್ಟು ಸ್ಪೀಡ್ ಪೋಸ್ಟ್, ಎಷ್ಟು ಆರ್‌ಡಿ ಕಂತು, ಎಷ್ಟು ಖಾತೆ, ಒಂದೊಂದಕ್ಕೂ ಇಷ್ಟಿಷ್ಟು ಎಂದು ಕೂಡಿಸಿ ಕೆಲಸದ ಹೊರೆ ಗೊತ್ತು ಮಾಡುತ್ತಾರೆ. ನೆಟ್‌ವರ್ಕ್ ಬರಲಿ ಎಂದು ಮೊಬೈಲು ಹಿಡಿದು ಮಾಳಿಗೆ ಹತ್ತಿ ನಿಂತ ಹೊತ್ತು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕೈಸವೆದು ಬೆರಳಚ್ಚು ಮೂಡದ ಮುದುಕನಿಗೆ ಮತ್ತೆ ಮತ್ತೆ ಹೆಬ್ಬೆಟ್ಟು ಒತ್ತಿಸಿ ಕೊನೆಗೆ ‘ನಾಳೆ ಬಾ ತಾತ’ ಅಂದದ್ದು ವಹಿವಾಟೇ ಅಲ್ಲ, ಏಕೆಂದರೆ ಹಣ ಸಂದಾಯವಾಗಿಲ್ಲ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಒಂದು ಕಾಗದಕ್ಕಾಗಿ ದೂರದ ಕ್ಯಾಂಪಿಗೆ ಹೋಗಿ ಬಂದರೂ, ಬಾಗಿಲ ಮುಂದೆ ನಾಲ್ಕು ಕಾಗದ ಹಂಚಿದರೂ ಹೆಚ್ಚು ವ್ಯತ್ಯಾಸವಿಲ್ಲ. ಕ್ಯಾಂಪಿನಲ್ಲಿ ತೆಲುಗು, ಕೇರಿಯಲ್ಲಿ ಕನ್ನಡ, ಮಸೀದಿ ಓಣಿಯಲ್ಲಿ ಉರ್ದು ಮಾತಾಡಿಸಿ ಫಾರಂ ತುಂಬಿಸಿದ್ದಕ್ಕೆ ಅಂಕವೇ ಇಲ್ಲ.

ಕೆಲಸವಂತೂ ಕಾಗದ ಹಂಚುವಲ್ಲಿಗೆ ನಿಂತಿಲ್ಲ. 1995ರಲ್ಲಿ ಗ್ರಾಮೀಣ ಅಂಚೆ ಜೀವ ವಿಮೆ ಬಂತು. 2018ರ ಸೆಪ್ಟೆಂಬರ್ 1ಕ್ಕೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಬಂತು. ಆಧಾರ್ ಜೋಡಣೆ, ಸುಕನ್ಯಾ ಸಮೃದ್ಧಿ, ಗೃಹಲಕ್ಷ್ಮಿಯ ಎರಡು ಸಾವಿರಕ್ಕಾಗಿ ಖಾತೆ ತೆರೆಯುವ ಗಲಾಟೆ. 2024ರ ಮೇ ಕೊನೆಯಲ್ಲಿ, ಚುನಾವಣೆ ಮುಗಿದರೆ ಖಾತೆಗೆ ದುಡ್ಡು ಬೀಳುತ್ತದಂತೆ ಎಂಬ ಸುದ್ದಿಗೆ ಬೆಂಗಳೂರಿನ ಜಿಪಿಒ ಮುಂದೆ ಹೆಂಗಸರು ಬೆಳಗಿನ ಜಾವದಿಂದಲೇ ಸಾಲು ನಿಂತದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ಪ್ರತಿ ಯೋಜನೆಗೂ ಒಂದು ಮೇಳ, ಪ್ರತಿ ಮೇಳಕ್ಕೂ ಒಂದು ಟಾರ್ಗೆಟ್. ಟಾರ್ಗೆಟ್ ಮುಟ್ಟಿಸಲು ತಮ್ಮದೇ ಕಿಸೆಯಿಂದ ನೂರು ಹಾಕಿ ಬಂಧುಗಳ ಹೆಸರಲ್ಲಿ ಖಾತೆ ತೆರೆಯುವುದು ಈ ನೌಕರಿಯ ಒಳಗಿನ ಗುಟ್ಟು. ಮೇಲಿನವರಿಗೂ ಗೊತ್ತಿರುವ ಗುಟ್ಟು.

2025ರಲ್ಲಿ ಹೊಸ ತಂತ್ರಾಂಶ ಬಂತು. ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟ್ ಎಂಬ ಹಳೆಯ ಹೆಸರು ಸ್ಪೀಡ್ ಪೋಸ್ಟಿನಲ್ಲಿ ಕರಗಿಹೋಯಿತು. ಇಷ್ಟೆಲ್ಲ ಬದಲಾದರೂ ನಾಲ್ಕು ತಾಸು ಮಾತ್ರ ನಾಲ್ಕೇ.

ಕೋರ್ಟು ಏನು ಹೇಳಿದೆ ಎಂದು ಕೇಳುವವರಿಗೆ ಒಂದು ಹಳೆಯ ತೀರ್ಪು. ಕೇರಳದ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1977ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿತು: ಇವರು ಬರಿ ಏಜೆಂಟರಲ್ಲ, ಇವರದು ಸರ್ಕಾರದ ಅಡಿಯ ಸಿವಿಲ್ ಹುದ್ದೆ, ಸಂವಿಧಾನದ 311ನೆಯ ವಿಧಿಯ ರಕ್ಷಣೆ ಇವರಿಗೂ ಉಂಟು. ತೀರ್ಪು ಬಂದು ಅರ್ಧ ಶತಮಾನವಾಗುತ್ತ ಬಂತು. ಇಲಾಖೆ ಅದನ್ನು ಒಪ್ಪಿಕೊಂಡ ಬಗೆ ನೋಡಿ: ಸಿವಿಲ್ ಹುದ್ದೆ ಸರಿ, ಆದರೆ ಖಾಯಂ ಸಿವಿಲ್ ಸೇವೆಯ ಹೊರಗಿನದು. ಹುದ್ದೆ ಇದೆ, ಸೇವೆ ಇಲ್ಲ! ವೇತನ ಆಯೋಗಗಳ ಬಾಗಿಲು ಮುಚ್ಚಿದ್ದು ಈ ಒಂದು ಬೀಗದಿಂದ. ಇವರಿಗೆ ಬೇರೆ ಸಮಿತಿ: ತಲ್ವಾರ್, ನಟರಾಜಮೂರ್ತಿ, ಕಮಲೇಶ್ ಚಂದ್ರ. ಕಮಲೇಶ್ ಚಂದ್ರ ಸಮಿತಿಯ ವರದಿ 2016ರ ನವೆಂಬರ್‌ನಲ್ಲಿ ಸಲ್ಲಿಕೆಯಾಗಿ ಒಂದೂವರೆ ವರ್ಷ ಕೂತಿತ್ತು. 2018ರ ಮೇ 22ರಂದು ಸೇವಕರು ಮುಷ್ಕರಕ್ಕಿಳಿದರು, ದೇಶದ ಹಳ್ಳಿಗಳ ಅಂಚೆ ಕಚೇರಿಗಳು ಬಾಗಿಲು ಹಾಕಿದವು. ಹದಿನಾರನೆಯ ದಿನ, ಜೂನ್ 6ರಂದು, ಸಂಪುಟ ಒಪ್ಪಿಗೆ ಕೊಟ್ಟಿತು. ಈಗಿನ ದರ ಬಂದದ್ದು ಹಾಗೆ.

2024ರ ಮಾರ್ಚ್‌ನಲ್ಲಿ ಮತ್ತೊಂದು ಘೋಷಣೆ ಆಯಿತು: 12, 24, 36 ವರ್ಷ ಸೇವೆ ಮುಗಿಸಿದವರಿಗೆ ವರ್ಷಕ್ಕೆ 4,320, 5,520, 7,200 ರೂಪಾಯಿ ಹೆಚ್ಚಳ. ವರ್ಷದ ಲೆಕ್ಕದಲ್ಲಿ ಹೇಳಿದ್ದು ಜಾಣತನ. ತಿಂಗಳಿಗೆ ಇಳಿಸಿದರೆ ಹನ್ನೆರಡು ವರ್ಷ ದುಡಿದವರಿಗೆ 360 ರೂಪಾಯಿ. 36 ವರ್ಷದ 600 ರೂಪಾಯಿ ಕಾಣಬೇಕಾದರೆ, ನಿವೃತ್ತಿ 65ಕ್ಕೆ ಇರುವುದರಿಂದ, ಇಪ್ಪತ್ತೊಂಬತ್ತು ತುಂಬುವುದರೊಳಗೆ ಸೇರಿರಬೇಕು. ಇಷ್ಟಾಗಿ ನಿವೃತ್ತಿಯ ಮರುದಿನದಿಂದ ಇಲಾಖೆಯ ಖಾಯಂ ನೌಕರರಿಗಿರುವಂಥ ಪಿಂಚಣಿ ಇಲ್ಲ. ಊರಿನ ಮುದುಕರಿಗೆಲ್ಲ ಪಗಾರ ಹಂಚಿದವಳು ಕೊನೆಗೆ ಅದೇ ಮಾಸಾಶನಕ್ಕೆ ಅರ್ಜಿ ಬರೆಯಬೇಕು.

ಅಂಚೆಯವರದಾದರೂ ಒಂದು ಮೆಟ್ಟಿಲು ಮೇಲೆ. ನಮ್ಮದೇ ರಾಜ್ಯದ ಅಮೀರ್‌ಬೀ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರದು ಸಿವಿಲ್ ಹುದ್ದೆಯೂ ಅಲ್ಲ ಎಂದಿತು. ಒಂದೇ ಓಣಿಯಲ್ಲಿ ಮೂವರು ಹೆಂಗಸರನ್ನು ನೋಡಿ: ಅಂಗನವಾಡಿಯ ಟೀಚರಿಗೆ ಗೌರವಧನ, ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ, ಪೋಸ್ಟಿನ ಅಕ್ಕನಿಗೆ ಭತ್ಯೆ. ಸರ್ಕಾರ ಎಂದರೆ ಆ ಓಣಿಯವರ ಪಾಲಿಗೆ ಈ ಮೂವರೇ. ಮೂವರಲ್ಲಿ ಒಬ್ಬರಿಗೂ ಸಂಬಳ ಇಲ್ಲ.

ಇನ್ನೊಂದು ತೊಡಕು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಹತ್ತನೆಯ ತರಗತಿಯ ಅಂಕ ಗೌಡರ ಶಿಫಾರಸಿಗಿಂತ ಎಷ್ಟೋ ಪಾಲು ಮೇಲು, ನಿಜ. ಆದರೆ ಅಂಕಕ್ಕೂ ಊರಿದೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿ ಶೇ 42.43ರೊಂದಿಗೆ ಕೊನೆ. ನಮ್ಮ ಜಿಲ್ಲೆಯ ದೇವದುರ್ಗವನ್ನಂತೂ ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಹಾಕಿತ್ತು. ಮೇಷ್ಟ್ರೇ ಇಲ್ಲದ ಸಾಲಿಯಲ್ಲಿ ಓದಿ ಎಪ್ಪತ್ತು ತೆಗೆದ ದೇವದುರ್ಗದ ಹುಡುಗ, ತೊಂಬತ್ತೇಳು ತೆಗೆದ ಕರಾವಳಿಯ ಹುಡುಗಿಯ ಮುಂದೆ ತನ್ನೂರಿನ ಪೋಸ್ಟಿಗೇ ನಿಲ್ಲಲಾರ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ಮೀಸಲಾತಿ ಇದೆಯಲ್ಲ ಎನ್ನಬೇಡಿ. ಅದು ರಾಜ್ಯ ಸರ್ಕಾರದ ಹುದ್ದೆಗಳಿಗೆ. ಅಂಚೆ ಕೇಂದ್ರದ್ದು. ವರ್ಷಕ್ಕೂ ವರ್ಷಕ್ಕೂ ಅಂಕದ ಬೆಲೆ ಬೇರೆ ಎಂಬುದನ್ನೂ ಯಾರೂ ಗಣಿಸುವುದಿಲ್ಲ. 2021ರ ಕೋವಿಡ್ ವರ್ಷದಲ್ಲಿ ಎರಡೇ ದಿನದಲ್ಲಿ ಸರಿಯುತ್ತರ ಗುರುತಿಸುವ ಪರೀಕ್ಷೆ ಮುಗಿಸಿ ಹೆಚ್ಚೂಕಡಿಮೆ ಎಲ್ಲರನ್ನೂ ಪಾಸು ಮಾಡಿದ ಅಂಕಪಟ್ಟಿಯೂ, ವೆಬ್‌ಕಾಸ್ಟಿಂಗ್ ಕಣ್ಣಿನ ಕೆಳಗೆ ಬರೆದ 2024ರ ಅಂಕಪಟ್ಟಿಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಅಂಕ ಒಂದೇ ಕೀಲಿಕೈ ಆದಾಗ ನಕಲಿ ಅಂಕಪಟ್ಟಿಯ ಅಂಗಡಿಗಳೂ ಹುಟ್ಟುತ್ತವೆ. ಹಲವು ರಾಜ್ಯಗಳಲ್ಲಿ ಅಂಥವು ಸಿಕ್ಕಿಬಿದ್ದಿವೆ.

ದೂರದಿಂದ ಬಂದವರನ್ನು ದೂರುವುದು ನನ್ನ ಉದ್ದೇಶವಲ್ಲ. ಮನೆ ಬಿಟ್ಟು ಬಂದು, ಗುರುತಿಲ್ಲದ ಊರಲ್ಲಿ ಹದಿನೆಂಟು ಸಾವಿರಕ್ಕೆ ಬಾಡಿಗೆ, ಊಟ, ಪೆಟ್ರೋಲು ತೂಗಿಸುವ ಆ ಹುಡುಗಿಯ ಕಷ್ಟ ಊರಿನವನ ಕಷ್ಟಕ್ಕಿಂತ ಕಡಿಮೆಯದಲ್ಲ. ಅವಳು ಮೊದಲ ದಿನದಿಂದಲೇ ವರ್ಗಾವಣೆಗೋ ಬೇರೆ ನೌಕರಿಗೋ ಕಾಯುತ್ತಾಳೆ; ಕಾಯುವುದರಲ್ಲಿ ತಪ್ಪೂ ಇಲ್ಲ. ಅವಳು ಹೋದ ಮೇಲೆ ಪಕ್ಕದ ಊರಿನವರಿಗೆ ಹೆಚ್ಚುವರಿ ಹೊರೆ ಬೀಳುತ್ತದೆ, ನಾಲ್ಕು ತಾಸಿನಲ್ಲಿ ಎರಡು ಕಚೇರಿ. ಅರ್ಧ ದಿನದ ಹುದ್ದೆಗೆ ಇಡೀ ರಾಜ್ಯದಿಂದ ಆಯ್ಕೆ ಮಾಡಿದರೆ ಆಗುವುದು ಇದೇ. ಊರಿನವರಿಗೇ ಕೊಡುವುದಾದರೆ ಊರಿನ ಸಾಲಿಯ ಅಂಕಕ್ಕೆ ಬೆಲೆ ಕೊಡಿ. ಹೊರಗಿನವರನ್ನು ಕರೆಯುವುದಾದರೆ ಹೊರಗಿನವರು ಬದುಕುವಷ್ಟು ಕೊಡಿ. ಎರಡೂ ಇಲ್ಲದ ಈಗಿನ ಪದ್ಧತಿ ಯಾರಿಗೂ ಒಗ್ಗುವುದಿಲ್ಲ.

ಎಂಟನೆಯ ವೇತನ ಆಯೋಗ ಈಗ ಕೆಲಸ ಶುರು ಮಾಡಿದೆ, ಅದರ ಕಾರ್ಯವ್ಯಾಪ್ತಿಗೆ 2025ರ ಅಕ್ಟೋಬರ್‌ನಲ್ಲಿ ಸಂಪುಟದ ಒಪ್ಪಿಗೆಯೂ ಸಿಕ್ಕಿದೆ. ತಮ್ಮನ್ನೂ ಅದರೊಳಗೆ ಸೇರಿಸಿ ಎಂಬುದು ಡಾಕ್ ಸೇವಕರ ಸಂಘಗಳ ಬೇಡಿಕೆ. ಸೇರಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ‘ಬೇರೆ ಆದಾಯ ಇರಬೇಕು’ ಎಂಬ ಸಾಲನ್ನು ನಿಯಮದಿಂದ ಅಳಿಸಿದ ದಿನ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ನಿಮ್ಮೂರಲ್ಲಿ ಶಾಖಾ ಅಂಚೆ ಕಚೇರಿ ಇದ್ದರೆ ಅಲ್ಲೇ ಒಂದು ಆರ್‌ಡಿ ಖಾತೆ ತೆರೆಯಿರಿ, ಪಾರ್ಸಲ್ಲು ಅಲ್ಲಿಂದಲೇ ಕಳಿಸಿ. ಅಲ್ಲಿ ಬೀಳುವ ಒಂದೊಂದು ನಮೂದೂ ಕೆಲಸದ ಹೊರೆಯ ಲೆಕ್ಕಕ್ಕೆ ಸೇರುತ್ತದೆ. ಹೊರೆ ಕೂಡಿದರೆ ನಾಲ್ಕು ತಾಸಿನ ಪೋಸ್ಟಿನ ಅಕ್ಕ ಐದು ತಾಸಿನವಳಾಗುತ್ತಾಳೆ, 12,000 ಇದ್ದದ್ದು 14,500 ಆಗುತ್ತದೆ.